ಟ್ರಯಂಫ್ ಮತ್ತೆ ಇನ್‌ಲೈನ್ ಫೋರ್ ಕಟ್ಟಬೇಕಾ? ಕಟ್ಟಬೇಕು ಅಂತ ನನ್ನ ಆಸೆ

ಪೀಣ್ಯ_ಲೇಥ್

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಮಷೀನ್ ಶಾಪ್ ಇದೆ. ಎಂಜಿನ್ ಸಿಲಿಂಡರ್ ಕೊರೆದು ನಯ ಮಾಡುವ ರೀಬೋರ್, ಹೋನಿಂಗ್, ಜೊತೆಗೆ ವಾಲ್ವ್ ಸೀಟ್ ಕೆಲಸ ಮಾಡುತ್ತೇವೆ. ಹೋದ ವಾರ ಒಬ್ಬರು ಹಳೆಯ ಜಪಾನಿ 400 ಸಿಸಿ ಇನ್‌ಲೈನ್ ಫೋರ್, ಅಂದರೆ ನಾಲ್ಕು ಸಿಲಿಂಡರ್ ಸಾಲಾಗಿ ಇರುವ ಎಂಜಿನ್ನಿನ ಬ್ಲಾಕ್ ತಂದುಕೊಟ್ಟರು. ಅದರ ಒಂದು ಪಿಸ್ಟನ್ ಕೈಯಲ್ಲಿ ಹಿಡಿದು ನೋಡಿದೆ. ಅಗಲ 55 ಮಿಲಿಮೀಟರ್. ಮುಷ್ಟಿ ಮುಚ್ಚಿದರೆ ಒಳಗೇ ಕೂತುಬಿಡುತ್ತದೆ. ಬ್ರಿಟನ್ನಿನ ಟ್ರಯಂಫ್ ಕಂಪನಿಯ ಸ್ಪೀಡ್ 400 ಬೈಕ್ ಕೂಡ 400 ಸಿಸಿಯೇ, ಆದರೆ ಒಂದೇ ಸಿಲಿಂಡರ್. ಅದರ ಪಿಸ್ಟನ್ 89 ಮಿಲಿಮೀಟರ್. ಹೆಚ್ಚುಕಮ್ಮಿ ಒಂದು ಇಡ್ಲಿಯ ಅಗಲ.

ಅಲ್ಲೇ ಒಂದು ಚೀಟಿಯಲ್ಲಿ ಲೆಕ್ಕ ಹಾಕಿದೆ. ಆ ಚಿಕ್ಕ ಪಿಸ್ಟನ್ನಿನ ಸ್ಟ್ರೋಕ್, ಅಂದರೆ ಮೇಲೆ ಕೆಳಗೆ ಓಡುವ ದೂರ, 42 ಮಿಲಿಮೀಟರ್. 13,000 ಆರ್‌ಪಿಎಂನಲ್ಲಿ ಅದು ಸರಾಸರಿ ಸೆಕೆಂಡಿಗೆ 18 ಮೀಟರ್ ಓಡುತ್ತದೆ. ಸ್ಪೀಡ್ 400ರ ಸ್ಟ್ರೋಕ್ 64. ಅದು 8,500 ಆರ್‌ಪಿಎಂಗೇ ಅಷ್ಟು ವೇಗ ಮುಟ್ಟಿಬಿಡುತ್ತದೆ. ಲೋಹ ತಡೆದುಕೊಳ್ಳುವ ವೇಗಕ್ಕೆ ಒಂದು ಮಿತಿ ಇದೆ. ಹೆಜ್ಜೆ ಚಿಕ್ಕದಾದಷ್ಟೂ ಎಂಜಿನ್ ಜಾಸ್ತಿ ಸುತ್ತಬಹುದು. ಇನ್‌ಲೈನ್ ಫೋರ್ ಮೇಲಿನ ಆರ್‌ಪಿಎಂನಲ್ಲಿ ಯಾಕೆ ಹಾಗೆ ಕೂಗುತ್ತದೆ ಅನ್ನುವುದಕ್ಕೆ ಉತ್ತರ ಆ ಚೀಟಿಯಲ್ಲಿತ್ತು.

ಅವತ್ತಿನಿಂದ ತಲೆಯಲ್ಲಿ ಇದೇ ಕೊರೆಯುತ್ತಿದೆ. ಟ್ರಯಂಫ್ ಯಾಕೆ ಮತ್ತೆ ನಾಲ್ಕು ಸಿಲಿಂಡರ್ ಮಾಡಬಾರದು? ಮತ್ತೆ ಅಂತ ಯಾಕೆ ಅಂದೆ ಅಂದರೆ, ಅವರು ಮಾಡುತ್ತಿದ್ದರು. ತುಂಬ ಜನಕ್ಕೆ ಇದು ಗೊತ್ತಿಲ್ಲ. 1983ರಲ್ಲಿ ಜಾನ್ ಬ್ಲೂರ್ ಮುಳುಗಿದ ಕಂಪನಿಯ ಹೆಸರು ಕೊಂಡರು. 1991ರಲ್ಲಿ ಹಿಂಕ್ಲಿ ಕಾರ್ಖಾನೆಯಿಂದ ಹೊಸ ಬೈಕುಗಳು ಹೊರಬಂದವು. ಆ ಎಂಜಿನ್‌ಗಳ ಯೋಚನೆ ನೋಡಿ. ಎಲ್ಲಕ್ಕೂ ಬೋರ್, ಅಂದರೆ ಸಿಲಿಂಡರಿನ ಅಗಲ, 76 ಮಿಲಿಮೀಟರ್. ಸ್ಟ್ರೋಕ್ 55 ಇಲ್ಲವೇ 65. ಮೂರು ಸಿಲಿಂಡರ್ ಸಾಲಾಗಿ ಇಟ್ಟರೆ 750 ಮತ್ತು 900 ಸಿಸಿ. ಇನ್ನೊಂದು ಸೇರಿಸಿದರೆ 1000 ಮತ್ತು 1200. ಒಂದೇ ಟೂಲಿಂಗ್‌ನಲ್ಲಿ ನಾಲ್ಕು ಥರದ ಎಂಜಿನ್! ದುಡ್ಡು ಕಮ್ಮಿ ಇದ್ದಾಗ ತಲೆ ಹೇಗೆ ಓಡಿಸಬೇಕು ಅನ್ನುವುದಕ್ಕೆ ನಾನು ನಮ್ಮ ಹುಡುಗರಿಗೆ ಇದನ್ನೇ ಹೇಳುತ್ತೇನೆ.

ಆಮೇಲೆ 2000ದಲ್ಲಿ ನಾಲ್ಕು ಸಿಲಿಂಡರ್‌ನ ಟಿಟಿ600 ಬಂತು, 2003ರಲ್ಲಿ ಡೇಟೋನಾ 600. ಅದೇ ವರ್ಷ ಬ್ರೂಸ್ ಆನ್‌ಸ್ಟಿ ಡೇಟೋನಾ 600 ಓಡಿಸಿ ಐಲ್ ಆಫ್ ಮ್ಯಾನ್ ದ್ವೀಪದ ಜೂನಿಯರ್ ಟಿಟಿ ರೇಸ್ ಗೆದ್ದರು. 2005ರಲ್ಲಿ ಡೇಟೋನಾ 650. 2006ರಲ್ಲಿ ಮೂರು ಸಿಲಿಂಡರ್‌ನ 675 ಬಂತು. ನಾಲ್ಕು ಸಿಲಿಂಡರ್ ಕಥೆ ಅಲ್ಲಿಗೆ ಮುಗಿಯಿತು.

ಈಗಿನ 765 ಸಿಸಿ ಟ್ರಿಪಲ್ (ಮೂರು ಸಿಲಿಂಡರ್) ಎಂಜಿನ್ನಿನ ಬೋರ್ 78, ಸ್ಟ್ರೋಕ್ 53.4. ಹಳೇ ಲೆಕ್ಕದಂತೆ ಇನ್ನೊಂದು ಸಿಲಿಂಡರ್ ಸೇರಿಸಿದರೆ 1020 ಸಿಸಿ. ನನ್ನ ಮಟ್ಟಿಗೆ ದಾರಿ ಕಣ್ಣೆದುರೇ ಇದೆ. ನೀವೇನಂತೀರಿ?

ವಿಲ್ಸನ್_ಗಾರ್ಡನ್_ಸ್ಪ್ಯಾನರ್

ಪೀಣ್ಯ ಅಣ್ಣ, ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೂ ನನ್ನ ಉತ್ತರ ಬೇಡ ಅಂತಲೇ. ಇಪ್ಪತ್ತೆರಡು ವರ್ಷದಿಂದ ಬೈಕ್ ಬಿಚ್ಚುತ್ತಿದ್ದೇನೆ. ಒಂದು ಫೋರ್ ಗಾಡಿ ಟ್ಯಾಪೆಟ್ ಚೆಕ್‌ಗೆ, ಅಂದರೆ ವಾಲ್ವ್ ಸಂದಿ ಅಳೆಯಲು, ಬಂದರೆ ಏನಾಗುತ್ತದೆ ಹೇಳುತ್ತೇನೆ ಕೇಳಿ.

ಟ್ಯಾಂಕ್ ಇಳಿಸಬೇಕು. ಏರ್ ಬಾಕ್ಸ್ ತೆಗೆಯಬೇಕು. ನಾಲ್ಕು ಕಾಯಿಲ್, ನಾಲ್ಕು ಪ್ಲಗ್. ಹೆಡ್ ಕವರ್ ಫ್ರೇಮಿನ ಸಂದಿಯಲ್ಲಿ ಓರೆ ಮಾಡಿ ಎಳೆಯಬೇಕು. ಹದಿನಾರು ವಾಲ್ವ್‌ಗೂ ಫೀಲರ್ ಗೇಜ್ ಹಾಕಿ ಬರೆದುಕೊಳ್ಳಬೇಕು. ಒಂದೇ ಒಂದು ಟೈಟ್ ಇದ್ದರೂ ಆ ಕಡೆಯ ಕ್ಯಾಮ್‌ಶಾಫ್ಟ್ ಎತ್ತಲೇಬೇಕು. ಕೆಳಗೆ ಬಕೆಟ್ ಅನ್ನುವ ಪುಟ್ಟ ಲೋಹದ ಬಟ್ಟಲು, ಅದರ ಒಳಗೆ ಶಿಮ್. ಶಿಮ್ ಅಂದರೆ ಆ ಸಂದಿ ಸರಿಮಾಡುವ ಬಿಲ್ಲೆ, ಶರ್ಟಿನ ಗುಂಡಿಯಷ್ಟು ಇರುತ್ತದೆ. ನಾನು ಮೊಟ್ಟೆ ಟ್ರೇ ಇಟ್ಟುಕೊಂಡಿದ್ದೇನೆ. ಪ್ರತಿ ಗುಳಿಗೂ ಮಾರ್ಕರ್‌ನಲ್ಲಿ ನಂಬರ್ ಬರೆದಿದ್ದೇನೆ. ಮೂರನೇ ವಾಲ್ವಿನ ಬಕೆಟ್ ಮೂರನೇ ಗುಳಿಗೆ. ಅದಲುಬದಲಾದರೆ ಮೊದಲಿಂದ ಶುರು. ಎಣ್ಣೆ ಕೈಗೆ ಶಿಮ್ ಅಂಟಿಕೊಂಡು ಬಂದು ಚೈನ್ ಸಂದಿಯೊಳಗೆ ಬಿತ್ತು ಅಂದುಕೊಳ್ಳಿ, ಆವತ್ತಿನ ಊಟ ಸಂಜೆಗೇ.

ಸಿಂಗಲ್ ಗಾಡಿ ಆದರೆ ತಿಂಡಿ ಮುಗಿಸಿ ಶುರು ಮಾಡಿದ್ದು ಊಟಕ್ಕೆ ಮುಂಚೆ ಮುಗಿಯುತ್ತದೆ. ಫೋರ್‌ಗೆ ಒಂದೂವರೆ ದಿನ. ಅಷ್ಟು ಕೂಲಿ ಕೇಳಿದರೆ ಗಿರಾಕಿ ಮುಖ ಸಣ್ಣದಾಗುತ್ತದೆ. ಕಡಿಮೆ ಕೇಳಿದರೆ ನನಗೆ ಹೊಟ್ಟೆಗಿಲ್ಲ. ಹಾಗಾಗಿ ಎಷ್ಟೋ ಜನ ಟ್ಯಾಪೆಟ್ ಚೆಕ್ ಮಾಡಿಸುವುದೇ ಇಲ್ಲ. ಗಾಡಿ ಓಡುತ್ತಿದೆಯಲ್ಲ ಅಂತ ಬಿಟ್ಟುಬಿಡುತ್ತಾರೆ. ವಾಲ್ವ್ ಸುಟ್ಟ ಮೇಲೆ ಬರುತ್ತಾರೆ.

ಇನ್ನು ಟಿಟಿ600 ವಿಷಯ. ಅದು ಬಂದಾಗ ಕೆಳಗಿನ ಆರ್‌ಪಿಎಂನಲ್ಲಿ ಪೆಟ್ರೋಲ್ ಇಂಜೆಕ್ಷನ್ ಸರಿ ಇಲ್ಲ ಅಂತ ಪರೀಕ್ಷೆ ಮಾಡಿದವರೇ ಬರೆದರು. ಎದುರಿಗೆ ಹೋಂಡಾ, ಯಮಹಾ, ಸುಜುಕಿ, ಕವಾಸಕಿ ನಾಲ್ವರೂ ನಿಂತಿದ್ದರು. ಅವರ ಆಟದಲ್ಲಿ ಅವರನ್ನು ಗೆಲ್ಲಲು ಹೋದರು, ಆಗಲಿಲ್ಲ. 675 ಮಾಡಿದ ದಿನ ಟ್ರಯಂಫ್ ತನ್ನ ಆಟ ತಾನು ಆಡಿತು. ಎಲ್ಲರೂ ಒಂದೇ ಥರದ ಎಂಜಿನ್ ಹಾಕುವ ಮೋಟೋ2 ರೇಸಿನಲ್ಲಿ 2018ರವರೆಗೂ ಹೋಂಡಾದ 600 ಸಿಸಿ ಫೋರ್ ಎಂಜಿನ್ ಇತ್ತು. 2019ರಿಂದ ಆ ಜಾಗಕ್ಕೆ ಬಂದದ್ದು ಟ್ರಯಂಫ್‌ನ 765 ಟ್ರಿಪಲ್. ಇನ್ನೇನು ಬೇಕು ಹೇಳಿ?

ಹೊಸೂರು_ರೋಡ್

ಸ್ಪ್ಯಾನರ್ ಅವರೇ, ಟ್ರಯಂಫ್ ಮಟ್ಟಿಗೆ ನೀವು ಹೇಳಿದ್ದು ಒಪ್ಪುತ್ತೇನೆ. ಆದರೆ ನಮ್ಮದಲ್ಲದ ಆಟ ಅಂತ ಫೋರ್ ಬಿಟ್ಟು ಕೂತವರಿಗೆ ಏನಾಯಿತು ಅನ್ನುವುದೂ ನೆನಪಿರಲಿ. ಬ್ರಿಟನ್ನಿನದೇ ಇನ್ನೊಂದು ಬೈಕ್ ಕಂಪನಿ ನಾರ್ಟನ್ ಕಥೆ ಹೇಳುತ್ತೇನೆ. ನಮ್ಮ ಪಕ್ಕದ ಹೊಸೂರಿನಲ್ಲಿ ಬೈಕ್ ಮಾಡುವ ಟಿವಿಎಸ್ 2020ರಲ್ಲಿ 1.6 ಕೋಟಿ ಪೌಂಡ್ ಕೊಟ್ಟು ಕೊಂಡಿದ್ದು ಅದೇ ನಾರ್ಟನ್.

1950ರಲ್ಲಿ ನಾರ್ಟನ್ ಹತ್ತಿರ ಫೆದರ್‌ಬೆಡ್ ಫ್ರೇಮ್ ಇತ್ತು. ಅದರಷ್ಟು ಚೆನ್ನಾಗಿ ತಿರುವು ತಗೊಳ್ಳುವ ಬೈಕ್ ಆಗ ಬೇರೆ ಇರಲಿಲ್ಲ ಅನ್ನಬಹುದು. ಎಂಜಿನ್ ಮಾತ್ರ ಒಂದೇ ಸಿಲಿಂಡರ್. ಇಟಲಿಯ ಜಿಲೆರಾ ಹತ್ತಿರ ನಾಲ್ಕು ಸಿಲಿಂಡರ್. ರೇಸರ್ ಜೆಫ್ ಡ್ಯೂಕ್ 1951ರಲ್ಲಿ ನಾರ್ಟನ್ ಮೇಲೆ 500 ಸಿಸಿ ವಿಶ್ವ ಚಾಂಪಿಯನ್ ಆದ. ಸಿಂಗಲ್‌ನಿಂದ ಇನ್ನು ಹಿಂಡಲು ಏನೂ ಉಳಿದಿಲ್ಲ ಅಂತ ಗೊತ್ತಾಯಿತು. ನಾರ್ಟನ್ ಕೂಡ ರೇಸ್ ಕಾರು ಕಂಪನಿ ಬಿಆರ್‌ಎಂ ಜೊತೆ ಸೇರಿ ಒಂದು ಫೋರ್ ಮಾಡಲು ಹೊರಟಿತ್ತು. ಅದು ಮುಗಿಯಲೇ ಇಲ್ಲ. 1953ರಲ್ಲಿ ಡ್ಯೂಕ್ ಜಿಲೆರಾಗೆ ಹೋದ. 53, 54, 55 ಮೂರು ವರ್ಷವೂ ಅವನೇ ಚಾಂಪಿಯನ್.

ಟ್ರಯಂಫ್‌ಗೂ ಇದೇ ಪೆಟ್ಟು ಬಿತ್ತು. 1968ರಲ್ಲಿ ಟ್ರೈಡೆಂಟ್ ಟ್ರಿಪಲ್ ತಂದರು. ಕಿಕ್ ಸ್ಟಾರ್ಟ್, ಡ್ರಮ್ ಬ್ರೇಕ್. ಮರುವರ್ಷವೇ ಹೋಂಡಾ ಸಿಬಿ750 ಮಾರುಕಟ್ಟೆಗೆ ಬಂತು. ನಾಲ್ಕು ಸಿಲಿಂಡರ್, ಸೆಲ್ಫ್ ಸ್ಟಾರ್ಟ್, ಮುಂದೆ ಡಿಸ್ಕ್ ಬ್ರೇಕ್, 67 ಎಚ್‌ಪಿ. ಬ್ರಿಟಿಷರ ಹಳೇ ಬೈಕ್ ಉದ್ಯಮ ಆಮೇಲೆ ಏಳಲೇ ಇಲ್ಲ. ಟ್ರೈಡೆಂಟ್ ಭಾಗಗಳನ್ನೇ ಜೋಡಿಸಿ ಕ್ವಾಡ್ರೆಂಟ್ ಅಂತ ಒಂದು ನಾಲ್ಕು ಸಿಲಿಂಡರ್ ಮಾದರಿಯನ್ನು ಟ್ರಯಂಫ್ ಎಂಜಿನಿಯರ್‌ಗಳು ಕಟ್ಟಿದ್ದರು. ಅದು ಅಂಗಡಿಗೆ ಬರಲೇ ಇಲ್ಲ. ನನಗೆ ಈ ಕ್ವಾಡ್ರೆಂಟ್ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೈಯಲ್ಲಿ ಇತ್ತು, ಕೊಡಲಿಲ್ಲ.

ಜಯನಗರ_ರೈಡರ್

ನನ್ನದೊಂದು ಮಾತು. ನನ್ನ ಎತ್ತರ 5 ಅಡಿ 2 ಇಂಚು. ಓಡಿಸುವುದು ಎರಡು ಸಿಲಿಂಡರಿನ 650 ಟ್ವಿನ್. ಹೋದ ಏಪ್ರಿಲ್‌ನಲ್ಲಿ ಗೆಳತಿಯೊಬ್ಬಳ ಫೋರ್ ಗಾಡಿಯನ್ನು ಬನ್ನೇರುಘಟ್ಟ ರಸ್ತೆಯಿಂದ ಸಿಲ್ಕ್ ಬೋರ್ಡ್‌ವರೆಗೆ ತಂದೆ. ಯಾವ ಕಂಪನಿ ಅನ್ನುವುದು ಇಲ್ಲಿ ಬೇಡ. ಹತ್ತು ನಿಮಿಷಕ್ಕೆ ಫ್ಯಾನ್ ಶುರುವಾಯಿತು. ಬಿಸಿ ಗಾಳಿ ನೇರ ತೊಡೆಗೆ. ಹೊಗೆ ಹೋಗುವ ನಾಲ್ಕು ಬೆಂಡ್ ಪೈಪ್ ಮುಂದೆ ಕೆಂಡದ ಹಾಗೆ ಇರುತ್ತವೆ. ಸಿಗ್ನಲ್‌ನಲ್ಲಿ ಎರಡೂ ಕಾಲು ಅಗಲಿಸಿ ನಿಂತರೆ ಪಾದ ಪೂರ್ತಿ ನೆಲಕ್ಕೆ ತಾಗುವುದಿಲ್ಲ, ಯಾಕೆಂದರೆ ಎಂಜಿನ್ ಅಗಲ, ಅದರ ಮೇಲೆ ಟ್ಯಾಂಕ್ ಅಗಲ, ಸೀಟಿನ ಮುಂಭಾಗವೂ ಅಗಲ. ಮನೆಗೆ ಬಂದು ನೋಡಿದರೆ ಜೀನ್ಸ್ ಒಳಗೆ ತೊಡೆ ಕೆಂಪಾಗಿತ್ತು.

ಅದೇ ಗಾಡಿಯನ್ನು ಮುಂದಿನ ಭಾನುವಾರ ಬೆಳಗ್ಗೆ ಐದೂವರೆಗೆ ದೇವನಹಳ್ಳಿ ದಾಟಿ ನಂದಿ ಕಡೆ ಓಡಿಸಿದೆ. ಮೂರನೇ ಗೇರ್. 6,000 ದಾಟಿದ ಮೇಲೆ ಸದ್ದು ಬದಲಾಗುತ್ತಾ ಹೋಯಿತು. 9,000ಕ್ಕೆ ಬೇರೆ ಏನೋ ಆಯಿತು. ಮೈ ಜುಮ್ಮೆಂದಿತು. ಯಾಕೆ ಜನ ಇದಕ್ಕೆ ಸಾಯುತ್ತಾರೆ ಅಂತ ಗೊತ್ತಾಯಿತು. ಆದರೆ ವಾರದಲ್ಲಿ ಆರು ದಿನ ನಾನಿರುವುದು ಸಿಲ್ಕ್ ಬೋರ್ಡ್‌ನಲ್ಲಿ. ಟ್ರಯಂಫ್ ಫೋರ್ ಮಾಡಲಿ, ಬೇಡ ಅನ್ನಲ್ಲ. ಈ ಊರಿನಲ್ಲಿ ಕೂತು ಓಡಿಸುವವರನ್ನು ನೆನೆದು ಮಾಡಲಿ. ಸಣ್ಣ ಎಂಜಿನ್, ಸಣ್ಣ ಸೀಟು, ಬಿಸಿ ಗಾಳಿ ಕೆಳಕ್ಕೆ ಹೋಗಬೇಕು.

ಪೀಣ್ಯ_ಲೇಥ್

ಜಯನಗರ ಮೇಡಂ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಾನು 1020 ಸಿಸಿ ಅಂತ ಬರೆದಾಗ ಸಿಗ್ನಲ್ ನೆನಪಾಗಲಿಲ್ಲ. ತಪ್ಪು ನನ್ನದೇ.

ಸ್ಪ್ಯಾನರ್ ಗುರು, ಹದಿನಾರು ವಾಲ್ವ್ ಕೆಲಸ ನಿಜ. ಒಪ್ಪಿದೆ. ಆದರೆ ಫೋರ್ ಕೊಡುವ ಒಂದು ಸುಖ ನಿಮಗೂ ಗೊತ್ತು. ಬ್ಲಾಕ್ ಕೊಟ್ಟವರ ಇನ್ನೊಂದು ಗಾಡಿ ಶಾಪ್ ಎದುರು ನಿಂತಿತ್ತು, ಅದೂ ಫೋರ್. ಎಂಜಿನ್ ಆನ್ ಇತ್ತು. ಬೈ ಟು ಕಾಫಿ ಲೋಟವನ್ನು ಸೀಟಿನ ಮೇಲೆ ಇಟ್ಟು ಮಾತಾಡುತ್ತಿದ್ದೆ. ಕಾಫಿ ಮೇಲೆ ಸಣ್ಣ ಸಣ್ಣ ಉಂಗುರ, ಅಷ್ಟೇ. ಒಂದು ಹನಿ ಹೊರಗೆ ಬರಲಿಲ್ಲ. ನಮ್ಮ ಹುಡುಗನ ಸಿಂಗಲ್ ಮೇಲೆ ಇಟ್ಟಿದ್ದರೆ ಲೋಟವೇ ನಡೆದುಕೊಂಡು ಹೋಗುತ್ತಿತ್ತು.

ಕಾರಣ ಸರಳ. ಹೊರಗಿನ ಎರಡು ಪಿಸ್ಟನ್ ಮೇಲೆ ಇದ್ದಾಗ ಒಳಗಿನ ಎರಡು ಕೆಳಗೆ. ಒಂದರ ತೂಕ ಇನ್ನೊಂದು ತೂಗುತ್ತದೆ. ಪ್ರತಿ ಅರ್ಧ ಸುತ್ತಿಗೆ ಒಂದು ಸಿಲಿಂಡರ್ ಉರಿಯುತ್ತದೆ, ಬಿಡುವೇ ಇಲ್ಲ. ಪಿಸ್ಟನ್ ಹಿಡಿದ ಕಾನ್ ರಾಡ್ ಓರೆಯಾಗುವ ಕಾರಣ ಮೇಲಿನ ಪಿಸ್ಟನ್ ಕೆಳಗಿನದಕ್ಕಿಂತ ತುಸು ಜೋರಾಗಿ ಓಡುತ್ತದೆ, ಹಾಗಾಗಿ ಎಂಜಿನ್ ವೇಗದ ಎರಡರಷ್ಟು ವೇಗದಲ್ಲಿ ಒಂದು ಸಣ್ಣ ನಡುಕ ಉಳಿಯುತ್ತದೆ. ಹ್ಯಾಂಡಲ್‌ನಲ್ಲಿ ಕೈ ಬೆರಳು ಜುಮ್ ಅನ್ನುವುದು ಅದೇ. ಪಿಸ್ಟನ್ ಹಗುರ ಇದ್ದಷ್ಟೂ ಅದೂ ಕಮ್ಮಿ. ಚಿಕ್ಕ ಫೋರ್ ಇನ್ನೂ ಸಿಹಿಯಾಗಿರುವುದು ಅದಕ್ಕೇ.

ವೈಟ್‌ಫೀಲ್ಡ್_ಇಸಿಯು

ಎಂಜಿನ್ ಕಂಟ್ರೋಲ್ ಯೂನಿಟ್ ಟ್ಯೂನ್ ಮಾಡುವುದು ನನ್ನ ಕೆಲಸ. ಚಿಕ್ಕ ಫೋರ್ ಅಂದ ಕೂಡಲೇ ನಮಗೆ ಕಾಣುವುದು ಹೊಗೆ. ಅದೇ 400 ಸಿಸಿಯನ್ನು, ಅದೇ ಆಕಾರದಲ್ಲಿ, ನಾಲ್ಕು ಸಿಲಿಂಡರ್‌ಗೆ ಹಂಚಿದರೆ ಒಳಗಿನ ಗೋಡೆಯ ಒಟ್ಟು ವಿಸ್ತೀರ್ಣ ಸುಮಾರು 1.6 ಪಟ್ಟು ಆಗುತ್ತದೆ. ತಣ್ಣಗಿನ ಗೋಡೆಯ ಹತ್ತಿರ ಬೆಂಕಿ ಆರಿಹೋಗುತ್ತದೆ. ಅಲ್ಲಿನ ಪೆಟ್ರೋಲ್ ಉರಿಯದೆ ಸೈಲೆನ್ಸರ್‌ಗೆ ಹೋಗುತ್ತದೆ. ಜೊತೆಗೆ ಮೇಲಿನ ಆರ್‌ಪಿಎಂನಲ್ಲಿ ಉಸಿರಾಡಲಿ ಅಂತ ಇನ್‌ಲೆಟ್, ಎಕ್ಸಾಸ್ಟ್ ಎರಡೂ ವಾಲ್ವ್ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುವಂತೆ ಕ್ಯಾಮ್ ಕೊಡುತ್ತಾರೆ. ಐಡ್ಲಿಂಗ್‌ನಲ್ಲಿ ಅದೇ ಸಂದಿಯಿಂದ ಪೆಟ್ರೋಲ್ ಜಾರಿಹೋಗುತ್ತದೆ. ಬಿಎಸ್6 ಹೊಗೆ ನಿಯಮ ಬಂದ ಮೇಲೆ ಇದನ್ನೆಲ್ಲ ಹಿಡಿಯಲು ಜಾಸ್ತಿ ಖರ್ಚು. ಜಪಾನಿನಲ್ಲಿ ಮೂವತ್ತು ವರ್ಷ ಓಡಿದ ಹೋಂಡಾ ಸಿಬಿ400 ಸೂಪರ್ ಫೋರ್ 2022ರಲ್ಲಿ ನಿಂತಿದ್ದು ಹೊಸ ಹೊಗೆ ನಿಯಮ ಬಂದಾಗ.

ಆದರೆ ಆಗುವುದೇ ಇಲ್ಲ ಅಂತ ಹೇಳಲಾರೆ. ಕವಾಸಕಿ ಝಡ್‌ಎಕ್ಸ್-4ಆರ್ 399 ಸಿಸಿ ಫೋರ್. 77 ಪಿಎಸ್ ಶಕ್ತಿ. ಬಿಎಸ್6 ಪಾಸಾಗಿ 2023ರಲ್ಲಿ ಇಲ್ಲಿಗೇ ಬಂತು. 2025ರಲ್ಲಿ ಹೋಂಡಾ ಚೀನಾದಲ್ಲಿ 502 ಸಿಸಿಯ ಹೊಸ ಸೂಪರ್ ಫೋರ್ ತೋರಿಸಿತು. ಮಾಡುವ ಮನಸ್ಸು, ಖರ್ಚು ಮಾಡುವ ಕೈ ಎರಡೂ ಬೇಕು.

ಕೆಂಗೇರಿ_ಹುಡುಗ

ಸರ್, ನಾನು ಸ್ಪೀಡ್ 400 ಇಎಂಐ ಕಟ್ಟುತ್ತಿದ್ದೇನೆ. 2023ರಲ್ಲಿ ಅದು ಬಂದಾಗ 2.33 ಲಕ್ಷ. ಆ ಕವಾಸಕಿ ಅದೇ ವರ್ಷ 8.49 ಲಕ್ಷಕ್ಕೆ ಬಂತು. ಎರಡೂ 400 ಸಿಸಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೇಲಿನ ಬೈಕಿಗೆ ಜಿಎಸ್‌ಟಿ 40 ಪರ್ಸೆಂಟ್. ಅದರ ಕೆಳಗಿನದಕ್ಕೆ 18. ಮೇಲೆ ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್ ಬೇರೆ. ಟ್ರಯಂಫ್ ಫೋರ್ ಮಾಡಿದರೆ ನಮ್ಮಂಥವರು ಶೋರೂಮ್ ಗಾಜಿನ ಹೊರಗೆ ನಿಂತು ನೋಡಬೇಕಾ? ಇದನ್ನು ಯಾರೂ ಕೇಳುತ್ತಿಲ್ಲ, ಅದಕ್ಕೇ ಕೇಳಿದೆ.

ಯಜ್ಡಿ_ಮನೆ

ಕೆಂಗೇರಿ ತಮ್ಮ ಕೇಳಿದ ಪ್ರಶ್ನೆ ಸರಿಯಾಗಿದೆ. ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ನಮ್ಮ ಮನೆಯಲ್ಲಿ ಅಪ್ಪನ ಯಜ್ಡಿ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಆದದ್ದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 2022ರಲ್ಲಿ ಯಜ್ಡಿ ಹೆಸರು ಮತ್ತೆ ಬಂತು, ನಾಲ್ಕು ಸ್ಟ್ರೋಕ್ ಎಂಜಿನ್ ಹಾಕಿಕೊಂಡು. ಆ ಎರಡು ಸೈಲೆನ್ಸರಿನ ಟೂ ಸ್ಟ್ರೋಕ್ ಸದ್ದು ಬರಲಿಲ್ಲ. ಬರಲು ಕಾಯಿದೆಯೂ ಬಿಡುವುದಿಲ್ಲ. ನನಗೆ ಅದರ ಬಗ್ಗೆ ಬೇಜಾರಿಲ್ಲ. ಹೆಸರಾದರೂ ಉಳಿಯಿತು, ಹೊಸ ಹುಡುಗರು ಅಪ್ಪನ ಗಾಡಿ ಹತ್ತಿರ ನಿಂತು ಪ್ರಶ್ನೆ ಕೇಳುತ್ತಾರೆ.

ಟ್ರಯಂಫ್ ಪುಣ್ಯ ಮಾಡಿದೆ. ಅವರ ಹಳೇ ಸದ್ದುಗಳಲ್ಲಿ ಒಂದನ್ನು ಇವತ್ತಿನ ಕಾಯಿದೆ ಒಳಗೇ ವಾಪಸ್ ತರಬಹುದು. ಆ ಅವಕಾಶ ಇದ್ದೂ ಸುಮ್ನೆ ಕೂರುವುದು ನನಗೆ ಸರಿ ಕಾಣುವುದಿಲ್ಲ.

ವಿಲ್ಸನ್_ಗಾರ್ಡನ್_ಸ್ಪ್ಯಾನರ್

ಯಜ್ಡಿ ಸರ್, ಟ್ರಯಂಫ್ ಹಳೇ ಸದ್ದು ಅಂದರೆ ಟ್ವಿನ್ ಮತ್ತು ಟ್ರಿಪಲ್. ಫೋರ್ ಇದ್ದದ್ದು ಹದಿನೈದು ವರ್ಷ ಮಾತ್ರ. ಹೊಸೂರು ರೋಡ್ ಅವರು ಇಟಲಿ ಫೋರ್ ಕಥೆ ಹೇಳಿದರು, ಚೆನ್ನಾಗಿತ್ತು. ಅದರ ಮುಂದಿನ ಭಾಗ ನಾನು ಹೇಳುತ್ತೇನೆ. ಇಟಲಿಯ ಎಂವಿ ಅಗುಸ್ತಾ ಓಡಿಸಿದವರೇ 1958ರಿಂದ 1974ರವರೆಗೆ ಪ್ರತಿ ವರ್ಷ 500 ಸಿಸಿ ಚಾಂಪಿಯನ್. ಅದರಲ್ಲಿ 1966ರಿಂದ 1972ರವರೆಗೆ ಏಳು ವರ್ಷ ಇಟಲಿಯ ರೇಸರ್ ಅಗೋಸ್ಟಿನಿ. ಎಂವಿ ಹತ್ತಿರ ಫೋರ್ ಇತ್ತು. ಆದರೂ ಅವನು ಆ ವರ್ಷಗಳಲ್ಲಿ ಮೆರೆದದ್ದು ಟ್ರಿಪಲ್ ಮೇಲೆ. ಫೋರ್‌ಗಿಂತ ಕಿರಿದು, ಹಗುರ, ತಿರುವಿನಲ್ಲಿ ಚುರುಕು. ಮೂರು ಅನ್ನುವುದು ನಾಲ್ಕಕ್ಕೆ ಒಂದು ಕಮ್ಮಿ ಅಲ್ಲ. ಅದಕ್ಕೇ ಒಂದು ಗುಣ ಇದೆ.

ಹೊಸೂರು_ರೋಡ್

ಅಗೋಸ್ಟಿನಿ ಟ್ರಿಪಲ್ ಮಾತು ಸರಿ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾರ್ಟನ್ ಕೂಡ ಈಗ ದೊಡ್ಡ ಬೈಕಿಗೆ ಸಾಲು ಫೋರ್ ಬಿಟ್ಟು, ನಾಲ್ಕು ಸಿಲಿಂಡರ್ ವಿ ಆಕಾರದಲ್ಲಿ ನಿಲ್ಲುವ ವಿ4 ಹಾಕಿದೆ. ಅಗಲ ಕಮ್ಮಿ ಆಗುತ್ತದಲ್ಲ, ಅದಕ್ಕೇ ಇರಬೇಕು.

ಪೀಣ್ಯ_ಲೇಥ್

ಎಲ್ಲರ ಮಾತು ಓದಿ ಎರಡು ರಾತ್ರಿ ಯೋಚಿಸಿದೆ. 1020 ಸಿಸಿ ಮಾತು ವಾಪಸ್ ತಗೊಳ್ಳುತ್ತೇನೆ. ದೊಡ್ಡ ಬೈಕಿಗೆ ಟ್ರಿಪಲ್ ಇರಲಿ. ಅಲ್ಲಿ ಫೋರ್ ಹಾಕಿದರೆ ಜಪಾನಿನವರ ಸಾಲಿನಲ್ಲಿ ಐದನೆಯವರಾಗಿ ನಿಲ್ಲುತ್ತಾರೆ, ಅಷ್ಟೇ. ಸ್ಪ್ಯಾನರ್ ಗುರು ಹೇಳಿದ್ದು ಅದೇ, ನನಗೆ ಅರ್ಥವಾಗಲು ತಡವಾಯಿತು.

ಆದರೆ 400-500 ಸಿಸಿ ಫೋರ್ ಆಸೆ ಬಿಡಲಾರೆ. 1000 ಸಿಸಿ ಫೋರ್ ಮೇಲೆ ಎರಡನೇ ಗೇರ್‌ನಲ್ಲಿ ಪೂರ್ತಿ ಆರ್‌ಪಿಎಂ ಎಳೆದರೆ ನೆಲಮಂಗಲದ ಟೋಲ್ ದಾಟುವ ಮೊದಲೇ ಕಾನೂನು ಮುರಿದಿರುತ್ತೇವೆ. ಆ ಸದ್ದು ಎಂಜಿನ್ ಒಳಗೇ ಉಳಿದುಬಿಡುತ್ತದೆ. ಚಿಕ್ಕ ಫೋರ್ ಆದರೆ ನಮ್ಮ ರಸ್ತೆಯ ವೇಗದಲ್ಲೇ, ಕೆಳಗಿನ ಗೇರ್‌ಗಳಲ್ಲಿ, ಅದರ ಪೂರ್ತಿ ಹಾಡು ಕೇಳಬಹುದು. ನೇರ ಹ್ಯಾಂಡಲ್, ದುಂಡು ಹೆಡ್‌ಲೈಟ್, ಮುಂದೆ ಸಾಲಾಗಿ ಇಳಿಯುವ ನಾಲ್ಕು ಬೆಂಡ್ ಪೈಪ್. ಸೀಟು ಮುಂದೆ ಕಿರಿದು, ಜಯನಗರ ಮೇಡಂ ಕೇಳಿದ ಹಾಗೆ. ಹೆಡ್ ಕವರ್ ಮೇಲೆ ಕೈ ಆಡುವಷ್ಟು ಜಾಗ, ಸ್ಪ್ಯಾನರ್ ಗುರು ಕೇಳಿದ ಹಾಗೆ. ಕಟ್ಟುವ ಮುಂಚೆ ಬಿಚ್ಚುವವನನ್ನು ಕೇಳಿದರೆ ಇದೆಲ್ಲ ಕಷ್ಟವಲ್ಲ. ನಾನು ಇದೇ ಕೆಲಸದಲ್ಲಿ ಇರುವವನು, ಗೊತ್ತಿದ್ದೇ ಹೇಳುತ್ತಿದ್ದೇನೆ.

ಕೆಂಗೇರಿ ತಮ್ಮ, ನಿನ್ನ ಪ್ರಶ್ನೆಗೆ ನೇರ ಉತ್ತರ. ಅದು 2.33 ಲಕ್ಷಕ್ಕೆ ಬರುವುದಿಲ್ಲ. ನಾಲ್ಕು ಪಿಸ್ಟನ್, ಹದಿನಾರು ವಾಲ್ವ್, ನಾಲ್ಕು ಥ್ರಾಟಲ್ ಬಾಡಿ, ಉದ್ದನೆ ಕ್ರ್ಯಾಂಕ್, ಎರಡು ಉದ್ದ ಕ್ಯಾಮ್. ಕ್ರ್ಯಾಂಕ್ ಗ್ರೈಂಡಿಂಗ್‌ಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನನಗೆ ಗೊತ್ತು. ಆದರೆ ಈಗಿನ ಸಿಂಗಲ್‌ಗಳನ್ನು ಇಲ್ಲೇ, ಪುಣೆ ಹತ್ತಿರದ ಚಾಕಣ್‌ನಲ್ಲಿ ಮಾಡುತ್ತಿದ್ದಾರೆ ಅಲ್ವಾ? ಹೊರಗಿಂದ ತರಿಸಿ ಮಾರುವ ಬೆಲೆಗೂ ಇಲ್ಲೇ ಮಾಡಿ ಮಾರುವ ಬೆಲೆಗೂ ತುಂಬ ವ್ಯತ್ಯಾಸ ಇರುತ್ತದೆ. ನನ್ನ ಆಸೆ ಇರುವುದು ಆ ವ್ಯತ್ಯಾಸದ ಮೇಲೆ.

ಬ್ಲಾಕ್ ಹೋನಿಂಗ್ ಮುಗಿದಿದೆ. ಗಾಡಿಯವರನ್ನು ಕೇಳಿದೆ, ಬಂದು ನೋಡಲಿ ಅಂದರು. ಭಾನುವಾರ ಹತ್ತು ಗಂಟೆಗೆ ಶಾಪ್ ತೆಗೆದಿರುತ್ತೇನೆ. ಹೆಡ್ ಕೂಡ ಟೇಬಲ್ ಮೇಲೆ ಇರುತ್ತದೆ.

ವಿಲ್ಸನ್_ಗಾರ್ಡನ್_ಸ್ಪ್ಯಾನರ್

ಬರುತ್ತೇನೆ ಅಣ್ಣ. ಹದಿನಾರು ವಾಲ್ವೂ ಅಳೆದೇ ಬಿಡೋಣ. ಮೊಟ್ಟೆ ಟ್ರೇ ನನ್ನದು.

ಕೆಂಗೇರಿ_ಹುಡುಗ

ನಾನೂ ಬರಬಹುದಾ ಸರ್? ಫೀಲರ್ ಗೇಜ್ ಹಿಡಿಯುವುದು ಕಲಿಯಬೇಕು.

ಪೀಣ್ಯ_ಲೇಥ್

ಬಾ ತಮ್ಮ. ತಿಂಡಿ ಇಲ್ಲೇ ಮಾಡೋಣ.